ಬಣ್ಣ ಬಳಿಯದ ಬಾಲಗಳು

ಬೆಳಗಿನ ಹಾಲು ಕರೆದು ಮುಗಿಸಿ, ಹಸುಗಳನ್ನು ಹುಲ್ಲಿಗೆ ಅಟ್ಟಿ ಬರುತ್ತಿದ್ದ ಮೊರಾಗ್ ಟೆನ್ನಂಟ್ ಬೇಲಿಯ ಬಳಿ ನಿಂತಳು. ಪಕ್ಕದ ಹೆಂಕ್‌ನ ಮುನ್ನೂರು ಹಸುಗಳಲ್ಲಿ ಒಂದರ ಬಾಲದ ಬುಡಕ್ಕೂ ಬಣ್ಣವಿರಲಿಲ್ಲ.

ನವೆಂಬರ್ ಬಂತೆಂದರೆ ನ್ಯೂಜಿಲೆಂಡಿನ ದಕ್ಷಿಣ ತುದಿಯ ಸೌತ್‌ಲ್ಯಾಂಡಿನಲ್ಲಿ ಹಸುಗಳಿಗೆ ಗರ್ಭ ಕಟ್ಟಿಸುವ ಕಾಲ. ಬೆದೆಗೆ ಬಂದ ಹಸುವಿನ ಮೇಲೆ ಉಳಿದವು ಹತ್ತಿದಾಗ ಬಾಲದ ಬುಡಕ್ಕೆ ಬಳಿದ ಬಣ್ಣ ಅಳಿಸುತ್ತದೆ. ಅಳಿಸಿದ್ದನ್ನು ನೋಡಿ, ಗರ್ಭ ಕಟ್ಟಲು ಹೋರಿಯ ವೀರ್ಯದ ಸೂಜಿ ಕೊಡಿಸುತ್ತಾರೆ. ಬಣ್ಣ ಬಳಿಯದವನಿಗೆ ಕರು ಬೇಕಿಲ್ಲ. ಕರುವಿಲ್ಲದಿದ್ದರೆ ಮುಂದಿನ ವರ್ಷ ಹಾಲೂ ಇಲ್ಲ.

ಆ ಕಣಿವೆಯಲ್ಲಿ ಹಾಲು ಕರೆಯುವವರು ಉಳಿದದ್ದೇ ಇಬ್ಬರು. ಮಿಕ್ಕವರು ಮರದ ಕಂಪನಿಗೆ ಮಾರಿಹೋದ ಐದು ಜಮೀನುಗಳಲ್ಲಿ ಪೈನ್ ಸಸಿಗಳು ಮೊಣಕಾಲೆತ್ತರ ಬೆಳೆದಿದ್ದವು. ಸೆಪ್ಟೆಂಬರಿನ ಸಭೆಯಲ್ಲಿ ಡೇರಿಯ ಅಧಿಕಾರಿ ಸುತ್ತಿ ಬಳಸದೆ ಹೇಳಿದ್ದ: “ಹಾಲಿನ ಪುಡಿಗೆ ಚೀನಾದವರು ಮೊದಲಿನ ಹಾಗೆ ಮುಗಿಬೀಳ್ತಿಲ್ಲ, ಸರಿ. ಆದ್ರೆ ಬೆಣ್ಣೆ ಎಷ್ಟು ಕಳಿಸಿದ್ರೂ ಹೊರದೇಶದಲ್ಲಿ ಖರ್ಚಾಗುತ್ತೆ. ಕೊಳ್ಳೋರು ಇದಾರೆ, ಕರೆಯೋರೇ ಕಮ್ಮಿ ಆಗ್ತಿದಾರೆ. ನಿಮ್ಮಿಬ್ರಲ್ಲಿ ಒಬ್ರು ನಿಲ್ಲಿಸಿದ್ರೂ, ಒಂದೇ ಮನೆಗೋಸ್ಕರ ಅಷ್ಟು ದೂರ ಹಾಲಿನ ಲಾರಿ ಕಳಿಸೋಕಾಗಲ್ಲ.” ಹೆಂಕ್ ಆಗ ತಲೆಯೆತ್ತದೆ ಚಹಾ ಕಲಕುತ್ತಲೇ ಇದ್ದ.

ಅವಳು ಬೇಲಿ ದಾಟಿದಳು.

“ಏನು ಹೆಂಕ್, ಈ ಸಲ ಅಂಗಡೀಲಿ ಬಣ್ಣ ಸಿಗ್ಲಿಲ್ವಾ?”

“ನಿನ್ ಕಣ್ಣು ನನ್ ಹಸು ಬಾಲದ್ ಮೇಲ್ಯಾಕೆ?”

“ನಿನ್ ಮುಖದಲ್ಲಿ ಏನೂ ಗೊತ್ತಾಗಲ್ಲ. ಅದಕ್ಕೇ ಬಾಲ ನೋಡ್ತೀನಿ.”

ಹೆಂಕ್ ನಕ್ಕು, ಹತ್ತಿರದ ಹಸುವಿನ ಕೊರಳಪಟ್ಟಿ ತೋರಿಸಿದ. “ಯಾವ್ದು ಬೆದೆಗೆ ಬಂತು ಅಂತ ಇದೇ ಫೋನಿಗೆ ಹೇಳುತ್ತೆ. ಬಿಟ್ ಹೋಗೋನು ಇದನ್ನೆಲ್ಲ ಹಾಕಿಸ್ತಾನಾ?”

ಮೊರಾಗ್‌ಗೆ ನಾಚಿಕೆಯಾಯಿತು. ಅದೂ ಮನೆಗೆ ಮರಳುವ ಅರ್ಧ ದಾರಿಯವರೆಗೆ ಮಾತ್ರ. ಬಿಟ್ಟು ಹೋಗುತ್ತೀಯಾ ಎಂದು ತಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರುಂಟು; ಇವನು ಅನ್ನುವ ಮೊದಲೇ ಮುಟ್ಟಿಕೊಂಡಿದ್ದ.

ಮರುದಿನ ಬೆಳಿಗ್ಗೆ, ಎರಡೂ ಮನೆಯ ಹಸುಗಳಿಗೆ ಸೂಜಿ ಕೊಡುವ ರಾವಿರಿ ಹೆಂಕ್‌ನ ಕೊಟ್ಟಿಗೆ ಮುಗಿಸಿ ಬಂದ. ಅವಳು ಬಿಸಿ ಚೀಸ್ ರೋಲ್ ಮುಂದಿಟ್ಟಳು.

“ಅಲ್ಲಿ ಎಷ್ಟಾಯ್ತಪ್ಪ?”

“ಹತ್ತೊಂಬತ್ತು.”

“ಯಾವ ತಳಿ?”

“ತಿನ್ಸಿ ಬಾಯಿ ಬಿಡಿಸ್ತೀರಲ್ಲ ಆಂಟಿ.” ಅವನು ಅಗಿಯುವುದನ್ನು ನಿಲ್ಲಿಸಿದ. “ಹೆರೆಫೋರ್ಡ್. ಹತ್ತೊಂಬತ್ತಕ್ಕೂ ಅದೇ.”

ಹೆರೆಫೋರ್ಡ್ ಮಾಂಸದ ತಳಿ. ಗರ್ಭ ಕಟ್ಟಿಸುವ ಕಾಲದ ಮೊದಲ ವಾರಗಳಲ್ಲಿ ಎಲ್ಲರೂ ಕೊಡಿಸುವುದು ಹಾಲಿನ ತಳಿಯನ್ನೇ. ಮುಂದೆ ಕರೆಯಲು ಹೆಣ್ಣುಗರು ಬೇಕಲ್ಲ. ಹೆಂಕ್‌ಗೆ ಬೇಕಿರಲಿಲ್ಲ. ಈಗಿರುವ ಹಸುಗಳು ಹಾಲು ಕೊಡುವಷ್ಟು ದಿನ ಕರೆದು, ಕರುಗಳನ್ನು ಮಾಂಸಕ್ಕೆ ಮಾರಿ, ಆಮೇಲೆ ಬಾಗಿಲು ಹಾಕುವ ಲೆಕ್ಕ. ಆ ಕೊರಳಪಟ್ಟಿಗಳೂ ಅಷ್ಟು ದಿನಕ್ಕೇ.

ರಾವಿರಿ ಕೈ ಒರೆಸಿಕೊಂಡ. “ನಿಮ್ಮವಕ್ಕೆ ಯಾವ್ದು ಕೊಡ್ಲಿ?”

ಆ ದಿನ ಬೆದೆಗೆ ಬಂದು ಸಾಲಾಗಿ ನಿಂತಿದ್ದ ತನ್ನ ಹನ್ನೊಂದು ಹಸುಗಳನ್ನು ಮೊರಾಗ್ ನೋಡಿದಳು. “ಜೆರ್ಸಿ. ಮೊದಲೇ ಹೇಳಿದ್ದ ಹಾಗೇ.”

ಆ ಕರುಗಳು ಹುಟ್ಟುವುದು ಬರುವ ಆಗಸ್ಟ್‌ನಲ್ಲಿ. ಅವು ಬೆಳೆದು ಹಾಲು ಕೊಡಲು ಅಲ್ಲಿಂದ ಇನ್ನೆರಡು ವರ್ಷ ಬೇಕು. ಆ ರಸ್ತೆಗೆ ಲಾರಿ ಕಳಿಸುವ ಡೇರಿಯ ಕರಾರು ಅದಕ್ಕೆ ಮೂರು ತಿಂಗಳ ಮೊದಲೇ ಮುಗಿಯುತ್ತದೆ.