ಚಹಾಕ್ಕೆ ಮೊದಲಿನ ಪ್ರಶ್ನೆ

ಆಪಾಳ ಮುಖದಲ್ಲಿ ಎರಡು ಬಣ್ಣಗಳಿರುತ್ತಿದ್ದವು. ಕಪ್ಪು ಕನ್ನಡಕ ಕೂತಿದ್ದ ಜಾಗವಷ್ಟೇ ಅವಳ ಹುಟ್ಟಿನ ಗೋಧಿ ಬಣ್ಣ. ಉಳಿದಂತೆ ಹಣೆ, ಕೆನ್ನೆಯೆಲ್ಲ ಕಪ್ಪಿಟ್ಟು, ಮೂಗಿನ ತುದಿಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದಿರುತ್ತಿತ್ತು. ಹಿಮಾಲಯದಿಂದ ಮರಳಿದ ವಾರಗಳಲ್ಲಿ ಮುಂಬಯಿಯ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ಕುಕ್ಕರ್ ಸಿಡಿಯಿತೇ ಎಂದು ಒಬ್ಬ ಹೆಂಗಸು ಮರುಕದಿಂದ ಕೇಳಿದಾಗ, ಇಲ್ಲ, ಬರ್ಫಿನ ಮೇಲಿನ, ಹಿಮದ ಮೇಲಿನ ಬಿಸಿಲು ಎಂದಳು ಆಪಾ. ಆ ಹೆಂಗಸು ನಂಬಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ವಿಕ್ರೋಳಿಯ ನಮ್ಮ ಪ್ರಯೋಗಾಲಯದಲ್ಲಿ ಅವಳು ನನಗಿಂತ ಕೆಲವು ವರ್ಷ ಹಿರಿಯಳು. ಪಿಎಚ್.ಡಿ. ಮುಗಿಸಿ, ವರ್ಷವರ್ಷವೂ ನವೀಕರಣವಾಗಬೇಕಾದ ಗುತ್ತಿಗೆಯ ಮೇಲೆ ಹಿಮನದಿಗಳ ಅಧ್ಯಯನ ಮಾಡುತ್ತಿದ್ದಳು. ನಾನು ಆಗಷ್ಟೇ ಸಂಶೋಧನೆಗೆ ಸೇರಿದ್ದೆ. ಅವಳ ಮನೆಯವರು ವಿಜಯಪುರದವರು. ಅವಳ ಅಪ್ಪ, ಅಬ್ಬಾ, ಬೈಕುಲ್ಲಾದ ಒಂದು ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮದು ಧಾರವಾಡದ ಕಡೆ, ಆದರೆ ನಾನು ಹುಟ್ಟಿ ಬೆಳೆದದ್ದು ಜೋಗೇಶ್ವರಿಯಲ್ಲಿ. ನನ್ನ ತಡವರಿಸುವ ಕನ್ನಡ ಕೇಳಿ ಅವಳು ಮೊದಲ ದಿನವೇ, "ಏ ತಂಗಿ, ನೀ ಮಾತಾಡಾಕತ್ತೀಯೋ, ಇಂಟರ್‌ವ್ಯೂ ಕೊಡಾಕತ್ತೀಯೋ?" ಎಂದಳು. ಅಂದಿನಿಂದ ಅವಳು ನನಗೆ ಆಪಾ, ಅಂದರೆ ಅಕ್ಕ.

ಹಿಮನದಿಗೆ ಹೋಗುವ ಮುನ್ನ ಅವಳು ನನ್ನನ್ನು ಕರೆದೊಯ್ದದ್ದು ಅಬ್ಬಾನ ಕಾರ್ಖಾನೆಗೆ. ದಪ್ಪ ಕೈಗವಸು ಹಾಕಿಸಿ, ಐಸ್ ಗಡ್ಡೆಯಲ್ಲಿ ತೂತು ಕೊರೆದು ಬಿದಿರಿನ ಕೋಲು ನಿಲ್ಲಿಸುವುದನ್ನು ಕಲಿಸಿದಳು. ನಮ್ಮ ಕೆಲಸದ ಬುಡ ಅದೇ. ಹಿಮನದಿಯ ಉದ್ದಕ್ಕೂ ಕೋಲು ಹುಗಿದು ಬರುತ್ತೇವೆ. ಮರುವರ್ಷ ಹೋಗಿ, ಅದು ಎಷ್ಟು ಹೊರಗೆ ಕಾಣುತ್ತಿದೆ ಎಂದು ಅಳೆಯುತ್ತೇವೆ. ಕಂಡಷ್ಟು ಮಂಜು ಕರಗಿದೆ ಎಂದು ಲೆಕ್ಕ. ಒಂದು ವರ್ಷ ತಪ್ಪಿದರೂ ಅಳತೆಯ ಸರಣಿ ತುಂಡಾಗುತ್ತದೆ, ಅದರೊಂದಿಗೆ ಗುತ್ತಿಗೆಯೂ ಅಲುಗಾಡುತ್ತದೆ. ಬೈಕುಲ್ಲಾದಲ್ಲೇ ಇಷ್ಟು ಬರ್ಫಿರುವಾಗ ಅಷ್ಟು ದೂರದ್ದನ್ನು ನೋಡಿ ಬರಲು ಪಗಾರ ಕೊಡುತ್ತಾರಲ್ಲ ಎಂದು ಅಬ್ಬಾ ಮಗಳನ್ನು ಛೇಡಿಸುತ್ತಿದ್ದರು.

ಶಿಬಿರದಲ್ಲಿ ಬೆಳಗಿನ ಚಹಾದ ಕೆಟಲ್ ಯಾವಾಗಲೂ ಅವಳ ಕೈಯಲ್ಲೇ. ತಲೆನೋವು ಇದೆಯೋ ಇಲ್ಲವೋ ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಹೇಳದವರಿಗೆ ಚಹಾ ಇಲ್ಲ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಮೊದಲು ತಲೆ ನೋಯುತ್ತದೆ. ಅದನ್ನು ನುಂಗಿಕೊಂಡು ಇನ್ನೂ ಮೇಲೇರಿದರೆ ಮಿದುಳು ಬಾತು ಜೀವವೇ ಹೋಗಬಹುದು. ಇದು ನಮ್ಮಲ್ಲಿ ಗೊತ್ತಿಲ್ಲದವರಿಲ್ಲ. ಆದರೂ ಹೊಸಬರು ಮುಚ್ಚಿಡುತ್ತೇವೆ. ಎತ್ತರ ಒಗ್ಗದವಳು ಎಂದು ಒಮ್ಮೆ ಹೆಸರು ಬಂದರೆ ಮುಂದಿನ ತಂಡದಲ್ಲಿ ಜಾಗ ಸಿಗುವುದಿಲ್ಲ.

ನನ್ನ ಮೊದಲ ಪ್ರಯಾಣದಲ್ಲಿ, ಮೇಲಿನ ಕೋಲುಗಳನ್ನು ಅಳೆಯಲು ಹೊರಡಬೇಕಿದ್ದ ಬೆಳಿಗ್ಗೆ ನಾನು ಏನಿಲ್ಲ ಎಂದೆ. ಆಪಾ ಕಪ್ಪು ತುಂಬಿಸಿದಳು, ಕೊಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೂತಳು. ಚಹಾದ ಹಬೆ ನಿಂತಿತು, ಕೆನೆ ಕಟ್ಟಿತು. ಕೊನೆಗೆ ನಾನು, ರಾತ್ರಿಯಿಂದ ತಲೆ ಸಿಡಿಯುತ್ತಿದೆ ಎಂದೆ. ಅವಳು ಒಂದು ಮಾತೂ ಬೈಯದೆ ಎಲ್ಲರಿಗೂ ಸಾಮಾನು ಕಟ್ಟಲು ಹೇಳಿದಳು. ಇಳಿಯುವಾಗ ನಾನು ಕ್ಷಮೆ ಕೇಳುತ್ತಲೇ ಇದ್ದೆ.

"ಸುಮ್ನಿರ ತಂಗಿ. ಕೋಲು ಬಿದ್ರ ಮತ್ತ ನಿಲ್ಲಸ್ತೀವಿ. ನೀ ಬಿದ್ರ ನಿಮ್ಮ ಅವ್ವಗ ನಾ ಏನಂತ ಹೇಳ್ಲಿ?"

ಮರುದಿನವೇ ಹಿಮ ಸುರಿದು ಮೇಲಿನ ದಾರಿ ಮುಚ್ಚಿತು. ಆ ವರ್ಷದ ಅಳತೆ ಅರ್ಧಕ್ಕೇ ನಿಂತಿತು. ಮುಂಬಯಿಯಲ್ಲಿ ಪರಿಶೀಲನಾ ಸಭೆ ಮುಗಿಸಿ ಹೊರಬಂದ ಆಪಾಳನ್ನು ಏನಾಯಿತೆಂದು ಕೇಳಿದೆ. ಇನ್ನೊಂದು ವರ್ಷ ಕೊಟ್ಟಿದ್ದಾರೆ, ವಡಾಪಾವ್ ಕೊಡಿಸುತ್ತೇನೆ ನಡೆ ಎಂದಳು. ದಕ್ಷಿಣ ಧ್ರುವಕ್ಕೆ ಹೋಗುವ ತಂಡಕ್ಕೂ ಹೆಸರು ಕೊಟ್ಟಿದ್ದಳು. ಅಲ್ಲಿ ಚಹಾ ಎಷ್ಟು ಬೇಗ ಆರುತ್ತದೋ ನೋಡಬೇಕು ಎನ್ನುತ್ತಿದ್ದಳು.

ಮುಂದಿನ ಸಲ ತಂಡ ಹೊರಟಾಗ ನನಗೆ ಪರೀಕ್ಷೆ ಇತ್ತು. ಹಾಗಾಗಿ ನಾನು ಉಳಿದೆ. ಒಂದು ಮಧ್ಯಾಹ್ನ ಘಾಟಕೋಪರ್ ಸ್ಟೇಶನ್ನಿನ ಸೇತುವೆಯ ಮೇಲೆ ಜನರ ನಡುವೆ ನಡೆಯುತ್ತಿದ್ದಾಗ ತಂಡದ ಸಹಪಾಠಿಯೊಬ್ಬನ ಫೋನ್ ಬಂತು. ಆಪಾ ಹೋದಳು ಎಂದ. ದಕ್ಷಿಣ ಧ್ರುವಕ್ಕೋ, ಆಯ್ಕೆಯಾಯಿತೇ ಎಂದು ನಾನು ಕೇಳಿದೆ. ಅವನು ಅಳಲು ಶುರು ಮಾಡಿದ. ಮೇಲಿನ ಕೋಲುಗಳನ್ನೆಲ್ಲ ಅಳೆದು ಮುಗಿಸಿದ ಮೇಲೆ ಅವಳ ಮಾತು ತೊದಲತೊಡಗಿತಂತೆ. ಹೊತ್ತುಕೊಂಡು ಇಳಿಸುವಾಗ ದಾರಿಯಲ್ಲೇ ಉಸಿರು ನಿಂತಿತು. ಬಹಳ ದಿನದಿಂದ ತಲೆ ನೋಯುತ್ತಿತ್ತು ಎಂದು ಅದಕ್ಕೆ ಸ್ವಲ್ಪ ಮೊದಲು ಒಪ್ಪಿಕೊಂಡಿದ್ದಳಂತೆ. ಜನ ನನ್ನನ್ನು ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು. ನಾನು ಕಂಬಿ ಹಿಡಿದು ನಿಂತೇ ಇದ್ದೆ. ಆಪಾ ಮುಚ್ಚಿಟ್ಟಳು ಎಂಬುದು ಆಪಾ ಸತ್ತಳು ಎಂಬುದಕ್ಕಿಂತ ನಂಬಲಾಗದ ಮಾತಾಗಿತ್ತು.

ಮಣ್ಣು ಮುಗಿದ ಮೇಲೆ ಬೈಕುಲ್ಲಾದ ಅವರ ಚಾಳಿನ ಮನೆಗೆ ಹೋದೆ. ಅಬ್ಬಾ ಗೋಡೆಗೆ ಒರಗಿ ಕೂತಿದ್ದರು.

"ಬರ್ಫಿನ್ಯಾಗ ಆಡಿ ಬೆಳದಾಕಿ ಬೇಟಿ, ಥಂಡಿ ಆಕೀಗೆ ಏನ್ ಮಾಡ್ತಿತ್ತು?"

ಚಳಿಯಿಂದಲ್ಲ ಚಾಚಾ, ಗಾಳಿ ಸಾಲದೆ ಎಂದೆ. ಮೊದಲು ತಲೆ ನೋಯುತ್ತದೆ, ಆಗಲೇ ಇಳಿದರೆ ಉಳಿಯುತ್ತಾರೆ ಎಂದೂ ಹೇಳಿಬಿಟ್ಟೆ. ಅವರು ನನ್ನನ್ನೇ ನೋಡಿದರು.

"ಹಂಗಾರ ಆಕಿ ಯಾಕ ಹೇಳ್ಲಿಲ್ಲ?"

ನನಗೆ ಗೊತ್ತಿರಲಿಲ್ಲ. ಎದ್ದು ಹೊರಗೆ ಬಂದೆ. ಚಾಳಿನ ಮೆಟ್ಟಿಲ ಮೇಲೆ ನಮ್ಮ ಪ್ರಯೋಗಾಲಯದ ಮಾರ್ಗದರ್ಶಕರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಕಳಿಸಬಾರದಿತ್ತು ಎಂದು ತಮಗೆ ತಾವೇ ಅನ್ನುತ್ತಿದ್ದರು. ಹಿಂದಿನ ವರ್ಷವೂ ಅವಳಿಗೇ ತಲೆನೋವು ಬಂದು ತಂಡ ವಾಪಸಾಯಿತಲ್ಲ, ಸಭೆಯಲ್ಲಿ ಅವಳೇ ಹಾಗೆಂದಳು. ಇನ್ನೊಮ್ಮೆ ಹಾಗಾದರೆ ಹಿಮನದಿಯೂ ಇಲ್ಲ, ಧ್ರುವವೂ ಇಲ್ಲ ಎಂದು ಎಚ್ಚರಿಕೆ ಕೊಟ್ಟಿದ್ದೆವು ಎಂದರು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಅದು ನಾನು, ಸರ್. ಅವಳಲ್ಲ."

ಅವರು ಒಂದು ಕಾಲಿಗಷ್ಟೇ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು. ನಾನು ಎದ್ದು ಮತ್ತೆ ಮೇಲೆ ಹೋದೆ. ಅಬ್ಬಾ ಕೇಳಿದ್ದಕ್ಕೆ ಈಗ ನನ್ನ ಬಳಿ ಉತ್ತರವಿತ್ತು. ಅವರೆದುರು ಕೂತು ಎಲ್ಲವನ್ನೂ ಹೇಳಿದೆ: ಕೆನೆ ಕಟ್ಟಿದ ಚಹಾ, ಸಭೆ, ನನ್ನ ನೋವನ್ನು ಅವಳು ತನ್ನದೆಂದದ್ದು. ಅವರು ಅಳಲಿಲ್ಲ. ಒಳಗಿನವರಿಗೆ ಕೇಳುವಂತೆ, ಹುಡುಗಿಗೆ ಚಹಾ ಕೊಡಿ ಎಂದರು. ಆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಾಗ ನನಗೆ ನೆನಪಾಯಿತು. ಅಷ್ಟೂ ಬೆಳಗುಗಳಲ್ಲಿ ಆಪಾ ಎಲ್ಲರನ್ನೂ ಕೇಳಿದ್ದಳು. ನಮ್ಮಲ್ಲಿ ಒಬ್ಬರೂ ಅವಳನ್ನು ತಿರುಗಿ ಕೇಳಿರಲಿಲ್ಲ.

ಈಗ ಕೆಟಲ್ ನನ್ನ ಕೈಯಲ್ಲಿದೆ. ಈ ಸಲ ಶಿಬಿರದ ಮೊದಲ ಬೆಳಿಗ್ಗೆ ಹೊಸ ಹುಡುಗಿ ಕಪ್ಪು ಚಾಚಿದಳು. ನಾನು ಚಹಾ ಬಗ್ಗಿಸಲಿಲ್ಲ.

"ಮೊದಲು ನನ್ನನ್ನು ಕೇಳು" ಎಂದೆ.