ಭಾವನ ಬೆರಳುಗಳು ಮತ್ತು ನನ್ನ ಬುದ್ಧಿವಾದ

ಸುಜಾತ, ನಿನ್ನ ಗಂಡನ ಬಲಗೈಯ ಎರಡು ಬೆರಳು ಹೋದದ್ದು ಅವರ ಅಜಾಗರೂಕತೆಯಿಂದ ಅಲ್ಲ, ನಾನು ಹೇಳಿಕೊಟ್ಟ ಬುದ್ಧಿಯಿಂದ. ಇದು ನನಗೆ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು — ಗೊತ್ತಿಲ್ಲದವಳು ನೀನೊಬ್ಬಳೇ. ಇಷ್ಟು ವರ್ಷ ನೀನು ಅವರನ್ನು ಬೈಯುತ್ತಾ ಬಂದೆ. ನಾನು ಫೋನಿನ ಈಚೆ ತುದಿಯಲ್ಲಿ ಹೂಂಗುಟ್ಟುತ್ತಾ ಕುಳಿತೆ.

ನೀವು ಅಬುಧಾಬಿ ಬಿಟ್ಟು ಕೆನಡಾಕ್ಕೆ ಹೋದ ಮೇಲೆ ನನಗೊಂದು ಹೊಸ ದೊಡ್ಡಸ್ತಿಕೆ ಬಂದಿತ್ತು. ದುಬೈಯಲ್ಲಿ ನಾನು ತೋಟದ ಮೆಷಿನ್‌ಗಳ ಅಂಗಡಿಯ ಸರ್ವೀಸ್ ನೋಡಿಕೊಳ್ಳುವವನು. ಮಿರ್ದಿಫ್ ಬಡಾವಣೆಯ ವಿಲ್ಲಾಗಳಿಂದ ಹುಲ್ಲು ಕತ್ತರಿಸುವ ಮೆಷಿನ್, ಎಲೆ ಊದುವ ಬ್ಲೋವರ್, ಹೀಗೆ ಏನು ಕೆಟ್ಟರೂ ನನ್ನ ಮೇಜಿನ ಮೇಲೆ ಬರುತ್ತಿತ್ತು. ಹಾಗಾಗಿ ನಿಮ್ಮ ಮನೆಯ ಮುಂದಿನ ಹಿಮ ತೆಗೆಯಲು ಸ್ನೋ ಬ್ಲೋವರ್ ಬೇಕು ಎಂದಾಗ ಭಾವ ಕೇಳಿದ್ದು ನನ್ನನ್ನೇ. ಮಾಲ್‌ನೊಳಗೆ ಟಿಕೆಟ್ ಕೊಟ್ಟು ನೋಡಿದ ಹಿಮ ಬಿಟ್ಟರೆ ಬೇರೆ ಹಿಮ ಕಾಣದ ನನ್ನನ್ನು! ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ನಾನು ಇಂಜಿನ್ ಎಂದರೆ ಎಲ್ಲಿದ್ದರೂ ಇಂಜಿನ್ನೇ ಎಂದು ಶುರು ಮಾಡಿದೆ.

ಭಾವ ತಾವೇ ಎಲ್ಲ ಓದಿಕೊಂಡಿದ್ದರು. ನಿಮ್ಮ ಕಾರು ನಿಲ್ಲಿಸುವ ಜಾಗ ಚಿಕ್ಕದು, ಸಿಮೆಂಟಿನದು. ಕರೆಂಟಿನಲ್ಲಿ ಓಡುವ ಸಣ್ಣದು ಸಾಕು, ಎತ್ತಿ ಇಡಲೂ ಸುಲಭ ಎಂದರು. ನಾನು ನಕ್ಕೆ. ರಸ್ತೆಯ ಹಿಮ ತೆಗೆಯುವ ಗಾಡಿ ಮನೆಯ ಮುಂದೆ ತಳ್ಳಿ ಹೋಗುವ ಗಟ್ಟಿ ಹಿಮಕ್ಕೆ ಆ ಆಟಿಕೆ ಸಾಕಾಗದು, ಮುಂದೆ ತಿರುಪಿನ ಹಾಗೆ ಅಗೆಯುವ ಸುರುಳಿ, ಹಿಂದೆ ಹಿಮವನ್ನು ಕೊಳವೆಯಲ್ಲಿ ಎಸೆಯುವ ಇನ್ನೊಂದು ಚಕ್ರ ಇರುವ ಪೆಟ್ರೋಲ್ ಮೆಷಿನ್ನೇ ಬೇಕು ಎಂದು ಹಟ ಹಿಡಿದೆ. ನಾನು ಹೇಳಿದ್ದನ್ನೇ ಅವರು ತಂದರು.

ತಂದದ್ದನ್ನು ಅವರು ನೋಡಿಕೊಂಡ ರೀತಿ ನೆನೆದರೆ ಈಗಲೂ — ಹಲ್ಲಿನ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುತ್ತಿದ್ದ ಕೈ ಅದು, ನಿನಗೆ ಗೊತ್ತಲ್ಲ. ಚಳಿಗಾಲ ಮುಗಿದ ಮೇಲೆ ಪೆಟ್ರೋಲ್ ಪೂರ್ತಿ ಖಾಲಿಯಾಗುವ ತನಕ ಓಡಿಸಿ ಇಟ್ಟರು. ಆಯಿಲ್ ಬದಲಿಸಿದರು. ಕಲ್ಲು ಸಿಕ್ಕಿದರೆ ತಾನು ಮುರಿದು ಗೇರು ಉಳಿಸುವ ಮೆದು ಪಿನ್ನುಗಳನ್ನು ಬಿಡಿಯಾಗಿ ತಂದು ಡಬ್ಬಿಯಲ್ಲಿ ಹಾಕಿದರು. ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಬಾರದಂತೆ ಎಂದು ನನಗೇ ಪಾಠ ಹೇಳಿದರು. ಹಿಮ ಅಂಟದಿರಲಿ ಎಂದು ಕೊಳವೆಗೆ ಎಣ್ಣೆ ಸಿಂಪಡಿಸುತ್ತಿದ್ದರು. ಕಟ್ಟಿಕೊಂಡರೆ ಬಿಡಿಸಲು ಬಂದ ಪ್ಲಾಸ್ಟಿಕ್ ಕೋಲು ಯಾವಾಗಲೂ ಮೆಷಿನ್ನಿನ ಮೇಲೇ ಇರುತ್ತಿತ್ತು. ಇಂಥವರನ್ನು ನೀನು ಬೇಜವಾಬ್ದಾರಿಯವರು ಎಂದು ನಂಬುವ ಹಾಗೆ ಮಾಡಿದವನು ನಾನು.

ಮರು ಚಳಿಗಾಲದಲ್ಲಿ ಅವರ ಫೋನ್ ಬಂದಾಗ ನಾನು ಅಂಗಡಿಯಲ್ಲಿ ನನ್ನ ಸರ್ವೀಸ್ ಮೇಜಿನ ಹತ್ತಿರ ಇದ್ದೆ.

“ಎಂತ ಭಾವ, ಈ ಲಿವರ್ ಹಿಡ್ಕೊಂಡೇ ಇರ್ಬೇಕಾ? ಕೈ ಮರಗಟ್ಟಿ ಹೋಗ್ತದೆ ಮಾರಾಯ್ರೆ.”

ಆ ಲಿವರ್ ಒತ್ತಿ ಹಿಡಿದರೆ ಮಾತ್ರ ಮುಂದಿನ ಸುರುಳಿಯೂ ಹಿಂದಿನ ಚಕ್ರವೂ ತಿರುಗುತ್ತವೆ. ಕೈ ಬಿಟ್ಟ ಕೂಡಲೇ ನಿಲ್ಲುತ್ತವೆ. ನಮ್ಮ ಹುಲ್ಲಿನ ಮೆಷಿನ್‌ಗಳಿಗೂ ಅಂಥದೇ ಇದೆ. ಇಲ್ಲಿಯ ಬಿಸಿಲಲ್ಲಿ ಬೆವರಿದ ಕೈ ಜಾರುತ್ತದೆಂದು ತೋಟದವರೆಲ್ಲ ಅದನ್ನು ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಹಿಡಿಗೆ ಬಿಗಿದುಬಿಡುತ್ತಾರೆ. ಸರ್ವೀಸಿಗೆ ಬಂದಾಗ ನಾವು ಕತ್ತರಿಸುತ್ತೇವೆ. ಕೊಡುವಾಗ ಅವರು ಕೇಳಿದರೆ ನಾವೇ ಹೊಸದು ಹಾಕಿ ಕೊಡುತ್ತೇವೆ. ತಪ್ಪೆಂದು ಗೊತ್ತಿದ್ದೂ ಎಲ್ಲರೂ ಮಾಡುವುದು. ಅದನ್ನೇ ನಾನು ಕೆನಡಾಕ್ಕೆ ಕಳಿಸಿದೆ.

“ಒಂದು ಕೇಬಲ್ ಟೈ ಹಾಕಿ ಬಿಡಿ ಭಾವ. ನಾವಿಲ್ಲಿ ಎಲ್ಲದಕ್ಕೂ ಹಾಗೇ ಮಾಡುದು.”

“ಪುಸ್ತಕದಲ್ಲಿ ಕಟ್ಟಬಾರ್ದು ಅಂತ ಉಂಟಲ್ಲ?”

“ಪುಸ್ತಕ ಬರೆಯುವವರಿಗೆ ಅವರದ್ದೇ ಹೆದರಿಕೆ. ಎಂತ ಆಗುದಿಲ್ಲ, ಯಲ್ಲಾ ಯಲ್ಲಾ, ಬೇಗ ಹಾಕಿ.”

“ನೀವು ಹೇಳಿದ್ರೆ ಸರಿ” ಎಂದರು ಭಾವ. ನನಗೆ ಖುಷಿಯಾಯಿತು — ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು.

ಒದ್ದೆ ಹಿಮ ಬಿದ್ದ ದಿನ ಕೊಳವೆ ಕಟ್ಟಿಕೊಂಡಿತು. ಭಾವ ಹಿಡಿ ಬಿಟ್ಟು ಮುಂದೆ ಬಂದರು. ಹಿಡಿ ಬಿಟ್ಟರೆ ನಿಲ್ಲುತ್ತದೆ ಎಂಬುದು ಅವರ ಕೈಗೆ ಅಭ್ಯಾಸವಾಗಿ ಹೋಗಿತ್ತು. ನನ್ನ ಮಾತು ಕೇಳಿ ಟೈ ಬಿಗಿದು ಇನ್ನೂ ವಾರ ಆಗಿರಲಿಲ್ಲ. ಅವಸರಕ್ಕೆ ಕೋಲಿನ ಬದಲು ಕೈ ಹಾಕಿದರು. ಒಳಗಿನ ಚಕ್ರ ತಿರುಗುತ್ತಲೇ ಇತ್ತು... ಮುಂದಿನದು ನನಗಿಂತ ನಿನಗೇ ಗೊತ್ತು. ನೀನು ಡ್ಯೂಟಿಯಿಂದ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಪಕ್ಕದ ಮನೆಯವರು ಮೆಷಿನ್ ನಿಲ್ಲಿಸಿ, ಟೈ ಕತ್ತರಿಸಿ, ಗ್ಯಾರೇಜಿಗೆ ತಳ್ಳಿದ್ದರು. ಹಾಗಾಗಿ ನೀನು ಆ ಟೈಯನ್ನು ನೋಡಲೇ ಇಲ್ಲ.

ನನಗೆ ಫೋನ್ ಮಾಡಿ ನೀನು ಅತ್ತೆ. “ಓಡುವ ಮೆಷಿನ್‌ಗೆ ಯಾರಾದ್ರೂ ಕೈ ಹಾಕ್ತಾರಾ ಅಣ್ಣ? ನೀನು ಇವರಿಗೆ ಜಾಗ್ರತೆ ಹೇಳಿರ್ಲಿಲ್ವಾ?”

“ಹೇಳಿದ್ದೆ” ಎಂದೆ.

ಆ ಸುಳ್ಳು ಎಷ್ಟು ಸಲೀಸಾಗಿ ಬಂತು, ಸುಜಾತ! ಹೆದರಿ ಬಂತು ಎನ್ನಲೇ, ಅಭ್ಯಾಸದಿಂದ ಬಂತು ಎನ್ನಲೇ... ಬೇಡ. ಕೆನಡಾದಲ್ಲಿ ಹಲ್ಲಿನ ಕೆಲಸಕ್ಕೆ ಸೇರಲು ಪರೀಕ್ಷೆಗೆ ಓದುತ್ತಿದ್ದ ಭಾವ ಪರೀಕ್ಷೆ ಕೈಬಿಟ್ಟರು. ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಹಿಡಿದರು.

ಕಳೆದ ರಜೆಯಲ್ಲಿ ನೀವು ಇಲ್ಲಿಗೆ ಬಂದಿದ್ದಾಗ ಊಟದ ಮೇಜಿನಲ್ಲಿ ನಿನ್ನ ಮಗಳು ದಿಯಾ ನಗುತ್ತಾ ಹೇಳಿದಳು, “ಡ್ಯಾಡಿ ಈಸ್ ನೆವರ್ ಕೇರ್‌ಫುಲ್, ಮಾಮ.” ಭಾವನೂ ನಕ್ಕರು. ಚಮಚ ಹಿಡಿದ ಎಡಗೈ ಮಾತ್ರ ಅರೆಗಳಿಗೆ ನಿಂತಿತು. ಊಟವಾದ ಮೇಲೆ ಅವರನ್ನು ಬಾಲ್ಕನಿಗೆ ಕರೆದು, ಸುಜಾತಳಿಗೆ ಹೇಳಿಬಿಡುತ್ತೇನೆ ಎಂದೆ.

“ಖಲಾಸ್ ಭಾವ. ನಾನು ಪೆದ್ದ ಅಂತ ಆದ್ರೆ ಅವಳು ಬೈದು ಸುಮ್ಮನಾಗ್ತಾಳೆ. ಅಪ್ಪ ಹೋದ ಮೇಲೆ ಅವಳಿಗೆ ತವರು ಅಂತ ಇರುದು ನೀವೊಬ್ರು. ಬಿಡಿ.”

ನನ್ನ ಕಣ್ಣು ತುಂಬಿತು. ಅದು ಪಶ್ಚಾತ್ತಾಪ ಎಂದುಕೊಂಡಿದ್ದೆ. ಅಲ್ಲ, ತಪ್ಪಿಸಿಕೊಂಡೆನಲ್ಲ ಎಂಬ ನೆಮ್ಮದಿ. ಅವರು ಕೊಟ್ಟ ಆ ದಾನವನ್ನು ನಾಚಿಕೆ ಬಿಟ್ಟು ತೆಗೆದುಕೊಂಡೆ, ಒಳಗೆ ಬಂದು ನಿನ್ನ ಕೈಯಿಂದ ಪಾಯಸವನ್ನೂ ಹಾಕಿಸಿಕೊಂಡೆ.

ನಿನ್ನೆ ನೀನು ಫೋನ್ ಮಾಡಿದೆ. ಈ ಸಲ ಹಿಮ ತೆಗೆಯುವುದು ದಿಯಾ ಅಂತೆ. “ಅಣ್ಣ, ಅವಳಿಗೆ ಒಂದ್ಸಲ ನೀನೇ ಹೇಳಿಕೊಡು. ಅಪ್ಪ ಹೇಳಿದ್ರೆ ಅವಳು ಕೇಳುದಿಲ್ಲ. ಕೈ ಕಳ್ಕೊಂಡವರ ಹತ್ರ ಎಂತ ಕಲಿಯುದು ಅಂತಾಳೆ.” ನಾಳೆ ಫೋನ್ ಮಾಡಿಸು ಎಂದೆ. ಆಮೇಲೆ ಕೆಲಸಕ್ಕೆ ಹೋಗಲು ಕಾರು ತೆಗೆದವನು ಪಾರ್ಕಿಂಗಿನಿಂದ ಹೊರಡಲಾರದೆ ಅಲ್ಲೇ ಕುಳಿತೆ. ಭಾವನ ಬೆರಳು ತೆಗೆದೆ, ಕಸುಬು ತೆಗೆದೆ. ಈಗ ಮಗಳ ಎದುರು ಅವರ ಮಾತಿಗೆ ಉಳಿದಿದ್ದ ಬೆಲೆಯನ್ನೂ ತೆಗೆಯಲು ಹೊರಟಿದ್ದೆ. ಆ ಮೆಷಿನ್ನಿನ ಬಗ್ಗೆ ಆ ಮಗುವಿಗೆ ಹೇಳಿಕೊಡಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ.

ನನ್ನ ಮೇಲೆ ನಿನಗೆ ಬರುವ ಸಿಟ್ಟನ್ನು ಕಡಿಮೆ ಮಾಡಲು ಭಾವ ನೋಡುತ್ತಾರೆ. ಅವರ ಆ ಮಾತನ್ನು ಮಾತ್ರ ಕೇಳಬೇಡ. ದಿಯಾ ನನಗೆ ಫೋನ್ ಮಾಡುವುದು ಬೇಡ, ಸುಜಾತ. ಮಾಡಿದರೂ ನಾನು ಎತ್ತುವುದಿಲ್ಲ. ಅವಳು ತನ್ನ ಅಪ್ಪನನ್ನು ಕೇಳಲಿ.