ಹರವೆ ಮೇಷ್ಟ್ರ ಅನುಮಾನ, ಗುಂಡ್ಲುಪೇಟೆಯ ಪದಕ

ಹರವೆಯ ಹಾರ್ಮೋನಿಯಂ ಮೇಷ್ಟ್ರು ಶಾಂತಮಲ್ಲಪ್ಪನವರು ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಚಾಮರಾಜನಗರದ ಸಂತೆಯಲ್ಲಿ ಬೆಲ್ಲ ಕೊಂಡರೆ ಅಚ್ಚನ್ನು ಅಲ್ಲೇ ಒಡೆಸಿ ಒಳಗಿನ ಬಣ್ಣ ನೋಡುತ್ತಿದ್ದರು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುವರು. ಅವನು ಹೌದೆಂದ ಮೇಲೆ ಒಳಗೆ ಕೂತವರಲ್ಲಿ ಒಬ್ಬರನ್ನು ಕೇಳಿಯೇ ಹತ್ತುವರು. ಅನುಮಾನವಿಲ್ಲದೆ ಅವರು ನಂಬುತ್ತಿದ್ದುದು ತಮ್ಮ ಎರಡು ಕಿವಿಗಳನ್ನು ಮಾತ್ರ. ಹೊಲದ ಕೆಲಸ ಮುಗಿದ ಮೇಲೆ ಮೂವತ್ತು ವರ್ಷ ಸುತ್ತಲ ಊರುಗಳಿಗೆ ನಾಟಕ ಕಲಿಸಿದ ಕಿವಿಗಳು ಅವು.

ಐವತ್ತೇಳನೇ ಇಸವಿಯಲ್ಲಿ ಮೈಸೂರಿನಲ್ಲಿ ಹಳ್ಳಿ ತಂಡಗಳ ನಾಟಕ ಸ್ಪರ್ಧೆ ಏರ್ಪಟ್ಟಿತ್ತು. ಮೇಷ್ಟ್ರು ಹರವೆಯ ತಂಡವನ್ನು ಕರೆದುಕೊಂಡು ಹೋಗಿ ಬರಿಗೈಯಲ್ಲಿ ವಾಪಸಾಗಿದ್ದರು. ಹದಿನೈದು ದಿನದ ಮೇಲೆ ಬಹುಮಾನ ಕೊಡುವ ಸಮಾರಂಭ ನಡೆಯಿತು. ಅದು ರೇಡಿಯೋದಲ್ಲೂ ಬರುತ್ತದೆ ಎಂದು ತಿಳಿದು, ಆ ಭಾನುವಾರ ಸಾಯಂಕಾಲ ಊರಿನ ಗಂಡಸರೆಲ್ಲ ಪಂಚಾಯಿತಿ ಜಗಲಿಯ ಮೇಲೆ ಸೇರಿದರು. ಮೇಷ್ಟ್ರು ರೇಡಿಯೋಕ್ಕೆ ಹತ್ತಿರವಾಗಿ, ಆದರೆ ಅದಕ್ಕೆ ಮುಖ ತಿರುಗಿಸಿ ಕೂತರು.

ಮಂತ್ರಿಗಳ ಭಾಷಣವಾಯಿತು. ಚಪ್ಪಾಳೆ. ತೀರ್ಪುಗಾರರ ಹೆಸರು ಓದಿದರು. ಮತ್ತೆ ಚಪ್ಪಾಳೆ.

“ಕೇಳ್ಲಾ ಪುಟ್ಟಬಸಪ್ಪ,” ಎಂದರು ಮೇಷ್ಟ್ರು, ತಮ್ಮ ತಂಡದಲ್ಲಿ ರಾಜಪಾರ್ಟು ಮಾಡುತ್ತಿದ್ದವನ ಕಡೆ ತಿರುಗಿ. “ಮಂತ್ರೀಗೂ ಅಷ್ಟೇ ಚಪ್ಪಾಳೆ, ಊವಿನ ಆರ ಆಕ್ದೋನ್ಗೂ ಅಷ್ಟೇ ಚಪ್ಪಾಳೆ. ಇದು ಗ್ರಾಮಫೋನ್ ಪ್ಲೇಟಲ್ಲಿ ತುಂಬಿಟ್ಕೊಂಡು ಬುಡ್ತಿರೋದು ಕಣ್ಲಾ.”

“ಬುಡಿ ಮೇಷ್ಟ್ರೇ. ನಮ್ಗೆ ಬಂದಿದ್ರೆ ಚಪ್ಪಾಳೆ ಸರೀಗೇ ಕೇಳ್ತಿತ್ತು,” ಎಂದ ಪುಟ್ಟಬಸಪ್ಪ. ಜಗಲಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ತೀರ್ಪುಗಾರರಲ್ಲಿ ಇಬ್ಬರು ಒಂದೇ ಊರಿನವರು, ಮೊದಲ ಬಹುಮಾನದ ತಂಡವೂ ಆ ಊರಿನದೇ ಎಂದು ಬೆರಳು ಮಡಿಸಿ ತೋರಿಸಿದರು.

ಆಮೇಲೆ ಸ್ತ್ರೀಪಾರ್ಟಿನ ಪದಕ. ಅದು ಗುಂಡ್ಲುಪೇಟೆಯ ಮಹದೇವಯ್ಯನಿಗೆ ಹೋಯಿತು. ಮೇಷ್ಟ್ರು ನೆಟ್ಟಗಾದರು. ಈ ಮಹದೇವಯ್ಯ ದರ್ಜಿ ಕೆಲಸದವನು. ಮೂರು ವರ್ಷ ಹರವೆಗೆ ನಡೆದು ಬಂದು ಅವರ ಬಳಿಯೇ ಹಾಡು ಕಲಿತಿದ್ದ. ಮುಖ, ನಡಿಗೆ, ಸೆರಗು ಹೊದೆಯುವ ಬಗೆ ಎಲ್ಲ ಚೆನ್ನಾಗಿತ್ತು. ದನಿ ಮಾತ್ರ ಮೇಲಿನ ಷಡ್ಜದ ಹತ್ತಿರ ಬಂದರೆ ಸೀಳುತ್ತಿತ್ತು. ಸ್ಪರ್ಧೆಯಲ್ಲಿ ಗುಂಡ್ಲುಪೇಟೆಯವರ ನಾಟಕ ಬೇರೆ ದಿನವಿದ್ದುದರಿಂದ ಮೇಷ್ಟ್ರು ಅದನ್ನು ನೋಡಿರಲಿಲ್ಲ. ಈಗ ಅವನು ಮಗುವನ್ನು ಕಳೆದುಕೊಂಡ ರಾಣಿಯ ಹಾಡನ್ನು ಸಭಿಕರಿಗಾಗಿ ಹಾಡುತ್ತಾನೆ ಎಂದು ರೇಡಿಯೋ ಹೇಳಿತು.

ಹಾಡು ಮೇಲಕ್ಕೆ ಹೋಯಿತು. ಷಡ್ಜ ದಾಟಿತು. ಇನ್ನೂ ಮೇಲೆ ಹೋಗಿ ಅಲ್ಲೇ ನಿಂತು, ನಿಧಾನವಾಗಿ ಇಳಿಯಿತು.

“ಇದು ಅವ್ನಲ್ಲ,” ಎಂದರು ಮೇಷ್ಟ್ರು.

ಮನೆಗೆ ಬಂದು ಅದನ್ನೇ ಹೆಂಡತಿ ಗಂಗಾಂಬಿಕೆಗೆ ಹೇಳಿದರು. ಆಕೆ ಸೊಪ್ಪು ಸೋಸುತ್ತಿದ್ದರು. “ಅವ್ರ ಬಾಯಿ, ಅವ್ರ ಆಡು. ನಿಮ್ಗ್ಯಾಕೆ ಊರ್ ಉಸಾಬರಿ?” ಎಂದು ಕೇಳಿದರು.

“ಉಸಾಬರಿ ಅಲ್ಲ. ಮೋಸ. ಯಾರ್ನೋ ಪರದೆ ಸಂದೀಲಿ ನಿಲ್ಸಿ ಆಡ್ಸವ್ರೆ, ಇಲ್ಲಾ ಪ್ಲೇಟ್ ಬುಟ್ಟವ್ರೆ.”

ಮಾರನೆಯ ದಿನ ಸ್ಪರ್ಧೆಯ ಸಮಿತಿಗೆ ಒಂದು ಅರ್ಜಿ ಬರೆದರು: ಮಹದೇವಯ್ಯ ಎಂಬುವನು ಯಾರೋ ಒಬ್ಬರ ದನಿಯನ್ನು ತನ್ನದೆಂದು ತೋರಿಸಿ ಪದಕ ಪಡೆದಿದ್ದಾನೆ, ವಿಚಾರಿಸಿ ಪದಕ ಕಿತ್ತುಕೊಳ್ಳಬೇಕು. ಬರೆದದ್ದನ್ನು ಅಂಚೆಗೆ ಹಾಕಲಿಲ್ಲ. ಕಣ್ಣಾರೆ ನೋಡದೆ ಅರ್ಜಿ ಹಾಕುವುದಕ್ಕೂ ಅವರಿಗೆ ಅನುಮಾನ. ಒಂದು ವಾರ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿ, ಕೊನೆಗೆ ಗುಂಡ್ಲುಪೇಟೆಯ ಬಸ್ಸು ಹತ್ತಿದರು.

ಮಹದೇವಯ್ಯನ ಅಂಗಡಿ ಮುಂದೆ, ಮನೆ ಹಿಂದೆ. ಹೊಲಿಗೆ ಮಿಷನ್ನಿನ ಮೇಲ್ಗಡೆ ಗೋಡೆಗೆ ಪದಕ ತೂಗುಹಾಕಿತ್ತು. ಮೇಷ್ಟ್ರನ್ನು ಕಂಡು ಅವನು ಎದ್ದು ಕಾಲಿಗೆ ಬಿದ್ದ. ಅವಸರದಲ್ಲಿ ಬಿದ್ದದ್ದೂ ಅವರಿಗೆ ಸರಿಬರಲಿಲ್ಲ.

“ರೇಡಿಯೋದಲ್ಲಿ ಕೇಳ್ದೆ ಕಣ್ಲಾ. ಅದೊಂದ್ಸಲ ಆಡು, ಎದ್ರಿಗೆ ಕೂತು ಕೇಳ್ತೀನಿ.”

“ಗಂಟ್ಲು ಕಟ್ಕೊಂಡದೆ ಮೇಷ್ಟ್ರೇ. ಮೈಸೂರ್ ನೀರು ಇಡೀಲಿಲ್ಲ.”

ಮೈಸೂರಿನಿಂದ ಬಂದು ಎಂಟು ದಿನವಾಗಿತ್ತು. ಮೇಷ್ಟ್ರು ಒಳಗೆ ನಡೆದರು. ನಡುಮನೆಯಲ್ಲಿ ಚಾಪೆ ಹಾಸಿತ್ತು, ಅದರ ಮೇಲೆ ಹಳೆಯ ಹಾರ್ಮೋನಿಯಂ ಇತ್ತು. ಒಳಗೆ ಅಡುಗೆ ಮಾಡುತ್ತಿದ್ದವಳು ಅವನ ಅಕ್ಕ ಶಿವಮ್ಮ, ಗಂಡ ತೀರಿಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು. ಬಾಗಿಲ ಮರೆಯಿಂದ ಮಜ್ಜಿಗೆಯ ಲೋಟ ನೀಡಿ ಒಳಗೆ ಹೋದಳು.

“ಗಂಟ್ಲು ಕಟ್ಟಿದ್ರೆ ಬುಡು, ನಾನೇ ನುಡಿಸ್ತೀನಿ,” ಎಂದು ಮೇಷ್ಟ್ರು ಆ ಹಾಡನ್ನು ಶುರು ಮಾಡಿದರು. ಹಾಡು ಮೇಲಕ್ಕೇರುವ ಜಾಗಕ್ಕೆ ಬಂದಾಗ, ಒತ್ತಬೇಕಾದ ಕರಿಮನೆಯನ್ನು ಬಿಟ್ಟು ಬೇಕೆಂತಲೇ ಪಕ್ಕದ ಬಿಳಿಮನೆ ಒತ್ತಿದರು. ಮಹದೇವಯ್ಯ ತಲೆದೂಗುತ್ತಲೇ ಇದ್ದ. ಇನ್ನೊಂದು ಸಲ ಅದೇ ಸಾಲು ನುಡಿಸಿ ಅದೇ ತಪ್ಪು ಮಾಡಿದರು. ಮೂರನೆಯ ಸಲ ಒತ್ತುವಷ್ಟರಲ್ಲಿ ಅಡುಗೆಮನೆಯಿಂದ ಒಂದು ದನಿ ಬಂತು. ಸಿಡುಕಿನಿಂದೆಂಬಂತೆ ಬಂದ ಆ ದನಿ ಆ ಒಂದು ಸಾಲನ್ನು ಸರಿಯಾಗಿ ಹಾಡಿ, ಥಟ್ಟನೆ ನಿಂತುಹೋಯಿತು.



ಮೇಷ್ಟ್ರು ಜೇಬಿನಿಂದ ಅರ್ಜಿ ತೆಗೆದು ಚಾಪೆಯ ಮೇಲಿಟ್ಟರು. ಮಹದೇವಯ್ಯ ಅದನ್ನು ಓದಿ ಕೈಮುಗಿದ. “ಮಾನ ಕಳೀಬ್ಯಾಡಿ ಮೇಷ್ಟ್ರೇ. ಎಂಗಸು ಪರದೆ ಸಂದೀಲಿ ನಿಂತ್ಲು ಅಂದ್ರೆ ಊರೋರು ಏನಂದಾರು?”

ಆಗ ಶಿವಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. “ಪರದೆ ಧೂಳು ಕುಡ್ಕೊಂಡು ನಾನು ನಿಂತಿದ್ದಾಗ ಯಾರ್ ಮಾನ ಓಗಿತ್ತಪ್ಪ? ಈಗ್ಯಾಕೆ ಓಗ್ತದೆ?” ಎಂದು ತಮ್ಮನನ್ನು ಕೇಳಿದಳು. ಮೇಷ್ಟ್ರ ಕಡೆ ತಿರುಗಿ, “ಅದ್ನ ಓದಿ ಮೇಷ್ಟ್ರೇ, ನಂಗೆ ಓದಕ್ಕೆ ಬರಕ್ಕಿಲ್ಲ,” ಎಂದಳು.

ಅವರು ಓದಿದರು. ಆಕೆ ಕೊನೆಯವರೆಗೂ ಕೇಳಿದಳು.

“ಅರ್ಜಿಯ ಆಕಿ. ಆದ್ರೆ ಯಾರೋ ಒಬ್ರ ದನಿ ಅಂತ ಬರ್ದಿದ್ದೀರಲ್ಲ, ಅದ್ನ ಒಡ್ದಾಕಿ. ಶಿವಮ್ಮ ಅಂತ ಬರೀರಿ. ಗುಂಡ್ಲುಪೇಟೆ ಶಿವಮ್ಮ.”

ಮೇಷ್ಟ್ರಿಗೆ ಇದರಲ್ಲೂ ಏನೋ ಇದೆ ಎನ್ನಿಸಿತು. ಅಕ್ಕ ತಮ್ಮ ಸೇರಿಕೊಂಡು ತನ್ನ ಬಾಯಿ ಮುಚ್ಚಿಸಲು ಆಡುತ್ತಿರುವ ಇನ್ನೊಂದು ನಾಟಕವಿರಬಹುದೇ? “ಪೂರ್ತಿ ಆಡು ನೋಡನ,” ಎಂದು ಶ್ರುತಿಯನ್ನು ಒಂದು ಮನೆ ಮೇಲಕ್ಕೇ ಇಟ್ಟರು. ಆಕೆ ಗೋಡೆಗೆ ಒರಗಿ ನಿಂತುಕೊಂಡು ಹಾಡಿದಳು. ಎರಡನೆಯ ಚರಣದ ಹೊತ್ತಿಗೆ ಮೇಷ್ಟ್ರ ಬೆರಳು ನಿಂತಿತ್ತು. ಬರೀ ಹಾಡು ಉಳಿಯಿತು.

“ಯಾರ್ ಕಲ್ಸಿದ್ರು?” ಎಂದು ಕೇಳಿದರು.

“ನೀವೇ. ಇವ್ನು ಅರವೆಯಿಂದ ಬಂದು ಇಲ್ಲಿ ಕೂತು ಸಾಧನೆ ಮಾಡೋನು. ಅವ್ನಿಗೆ ಬರಾಕ್ಮುಂಚೆ ನಂಗೆ ಬತ್ತಿತ್ತು. ಮೈಸೂರ್ಗೆ ಓಗೋ ಮುಂಚೆ ಅವ್ನ ಗಂಟ್ಲು ಒಡ್ದೋಯ್ತು. ತಂಡ ಕೆಡಬಾರ್ದು ಅಂತ ನಿಂತ್ಕೊಂಡೆ. ಪದಕ ಕೊಟ್ಟ ದಿನಾನೂ ನಾನೇ ನಿಂತಿದ್ದೆ.”

ಆ ಗಳಿಗೆ ಮೇಷ್ಟ್ರಿಗೆ ಮೊದಲ ಸಲ ತಮ್ಮ ಮೇಲೆಯೇ ಅನುಮಾನ ಬಂತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವರ ಕಣ್ಣಿಗೆ ಕಟ್ಟಿದ್ದುದು ಮಹದೇವಯ್ಯನ ಗೋಡೆಯಿಂದ ಪದಕ ಇಳಿಯುವ ದೃಶ್ಯ. ಹಾಡಿದವರು ಯಾರಿರಬಹುದು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ನ್ಯಾಯಕ್ಕಾಗಿ ಬಂದೆನೋ, ಸೋತ ಹೊಟ್ಟೆಕಿಚ್ಚಿಗೆ ಬಂದೆನೋ ಎಂದು ಅವರಿಗೇ ತಿಳಿಯಲಿಲ್ಲ. ಮುಂದೆ ಎಷ್ಟೋ ವರ್ಷ ಕಳೆದ ಮೇಲೂ ಅದು ತಿಳಿಯಲಿಲ್ಲ ಎಂದು ಅವರೇ ಹೇಳುತ್ತಿದ್ದರು.

ಅಲ್ಲೇ ಕೂತು ಬೇರೆ ಅರ್ಜಿ ಬರೆದರು. ಪದಕ ಕಿತ್ತುಕೊಳ್ಳಿ ಎಂಬ ಮಾತನ್ನು ಬಿಟ್ಟು, ಹಾಡಿದವರು ಶಿವಮ್ಮ, ಅವರ ಹೆಸರನ್ನೂ ರೇಡಿಯೋದಲ್ಲಿ ಹೇಳಬೇಕು ಎಂದು ಬರೆದು ಶಿವಮ್ಮನ ಹೆಬ್ಬೆಟ್ಟು ಒತ್ತಿಸಿದರು. ಮಹದೇವಯ್ಯ ರುಜು ಹಾಕಲು ಒಪ್ಪಲಿಲ್ಲ. ಅಂಗಡಿಗೆ ಹೋಗಿ ಮಿಷನ್ನಿನ ಮುಂದೆ ಕೂತು, ಅವರು ಹೊರಡುವಾಗಲೂ ತಲೆಯೆತ್ತಲಿಲ್ಲ.

ಎರಡು ತಿಂಗಳ ಮೇಲೆ ಉತ್ತರ ಬಂತು. ಪದಕವು ಅಭಿನಯಕ್ಕೆ ಕೊಟ್ಟದ್ದು, ಹಿನ್ನೆಲೆಯ ದನಿಗೆ ನಿಯಮದಲ್ಲಿ ಅವಕಾಶವಿಲ್ಲ, ವಿಷಯ ಮುಗಿದಿದೆ ಎಂದು ಮೂರು ಸಾಲು. ಮೇಷ್ಟ್ರು ಕಾಗದವನ್ನು ಬಿಸಿಲಿಗೆ ಹಿಡಿದು ಮೊಹರು ನೋಡಿದರು. “ಅರ್ಜಿ ಓದ್ದೋನೂ ಇಲ್ಲ, ಕೇಳ್ದೋನೂ ಇಲ್ಲ,” ಎಂದು ಹೆಂಡತಿಗೆ ಹೇಳಿದರು.

“ಅವ್ರು ಕೇಳ್ದಿದ್ರೆ ಬುಡಿ, ನೀವು ಕೇಳಿದ್ದೀರಲ್ಲ,” ಎಂದರು ಗಂಗಾಂಬಿಕೆ. “ನಮ್ಮೂರ್ ನಾಟಕಕ್ಕೆ ಕರೀರಿ. ನಮ್ಮನೇಲೆ ಇರ್ಲಿ, ನನ್ ಪಕ್ದಲ್ಲಿ ಮಲ್ಗಾಳೆ. ಯಾರ್ ಏನಂತಾರೋ ನಾನ್ ನೋಡ್ತೀನಿ.”

ಮುಂದಿನ ಬೇಸಿಗೆಯಲ್ಲಿ ಹರವೆಯವರು ಪಕ್ಕದೂರು ಉಡಿಗಾಲದಲ್ಲಿ ಆಡಿದ ನಾಟಕಕ್ಕೆ ಶಿವಮ್ಮ ಹಾಡಿದಳು. ಪರದೆಯ ಹಿಂದೆ ಅಲ್ಲ. ಎಲ್ಲರಿಗೂ ಕಾಣುವ ಹಾಗೆ ಹಾರ್ಮೋನಿಯಂ ಪಕ್ಕದಲ್ಲಿ, ಗಂಗಾಂಬಿಕೆಯವರ ಜೊತೆ ಕೂತು. ಮೊದಲು ಜನ ಗುಸುಗುಸು ಅಂದರು. ಹಿಂದುಗಡೆಯಿಂದ ಯಾರೋ ಸಿಳ್ಳೆ ಹಾಕಿದರು. ರಾಣಿಯ ಹಾಡು ಬಂದಾಗ ಆ ಸಿಳ್ಳೆ ನಿಂತಿತು. ಮಹದೇವಯ್ಯ ನಾಟಕಕ್ಕೆ ಬರಲಿಲ್ಲ. ಎರಡು ವರ್ಷ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದ, ಅಕ್ಕನನ್ನು ಮಾತ್ರ ತಡೆಯಲಿಲ್ಲ.

ಆಟಕ್ಕೆ ಕೆಲವು ದಿನ ಮುಂಚೆ ಆ ನಾಟಕದ ಕರಪತ್ರಗಳು ಚಾಮರಾಜನಗರದ ಪ್ರೆಸ್ಸಿನಿಂದ ಬಂದಾಗ ಎಲ್ಲರೂ ಹಂಚಲು ಹೊರಟಿದ್ದರು. ಮೇಷ್ಟ್ರು ಬಿಡದೆ ಕಟ್ಟು ಬಿಚ್ಚಿಸಿ ಓದಿದರು. ಹೆಂಗಸಿನ ಹೆಸರು ಬರುವುದುಂಟೇ ಎಂದುಕೊಂಡ ಪ್ರೆಸ್ಸಿನವನು “ಹಾಡುಗಾರಿಕೆ: ಶ್ರೀ ಶಿವಣ್ಣ” ಎಂದು ಅಚ್ಚು ಹಾಕಿದ್ದ. ಮೇಷ್ಟ್ರು, ಗಂಗಾಂಬಿಕೆ, ಪುಟ್ಟಬಸಪ್ಪ ಮೂವರೂ ಕೂತು ಇನ್ನೂರು ಕರಪತ್ರಗಳನ್ನು ಮಸಿಯಲ್ಲಿ ತಿದ್ದಿದರು. ತಿದ್ದಿ ಮುಗಿದ ಮೇಲೆ ಮೇಷ್ಟ್ರು ಪುಟ್ಟಬಸಪ್ಪ ತಿದ್ದಿದ ಕಟ್ಟನ್ನು ಎಳೆದುಕೊಂಡು, ಮೊದಲಿನಿಂದ ಒಂದೊಂದಾಗಿ ತಿರುವಿ ನೋಡತೊಡಗಿದರು.